ಅಕ್ಕೋರಿಗೆ ಸಿಕ್ಕ ಜಾಗ

ಮೊನ್ನೆ ಶಹಾಪುರದಲ್ಲಿ ಬಡಿಗನ ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತಿದ್ದಾಗ ಬೇವಿನ ಹಲಗೆ ಕೊಯ್ಯುವ ವಾಸನೆ ಮೂಗಿಗೆ ಬಡಿಯಿತು. ನಮ್ಮ ಶಾಲೆಯ ಟೀಚರ್ ಅಕ್ಕೋರ ಶವಪೆಟ್ಟಿಗೆಗೂ ಅದೇ ವಾಸನೆಯಿತ್ತು. ಅವರನ್ನು ಮಣ್ಣು ಮಾಡಿ ಮೂರು ವರ್ಷವಾಯಿತು.

ಆ ದಿನ ಏನೇನು ಕೆಡಬಹುದು ಎಂಬುದನ್ನು ನಾನು ಚಹಾ ಆರುವಷ್ಟರಲ್ಲಿ ಪಟ್ಟಿ ಮಾಡಿಬಿಟ್ಟಿದ್ದೆ. ಯಾದಗಿರಿಯ ಆಸ್ಪತ್ರೆಯಿಂದ ಹೊರಟ ಗಾಡಿ ನಡುದಾರಿಯಲ್ಲಿ ಪಂಕ್ಚರ್ ಆಗಬಹುದು. ಪಾಸ್ಟರ್ ತಡವಾಗಬಹುದು. ಸುರಪುರದ ನಮ್ಮ ಸ್ಮಶಾನದ ಬೀಗದ ಕೈ ಕಳೆದಿರಬಹುದು. ಅಲ್ಲಿ ಗೋಡೆಗೆ ತಾಗಿಕೊಂಡು, ಅಕ್ಕೋರ ಗಂಡನ ಪಕ್ಕಕ್ಕೆ ಉಳಿದಿದ್ದ ಒಂದೇ ಒಂದು ಜಾಗವನ್ನು ಬೇರೆ ಯಾರಿಗೋ ಕೊಟ್ಟಿರಬಹುದು. ಅಗೆಯುವಾಗ ಬಂಡೆ ಹತ್ತಬಹುದು. ಮಳೆ ಬರಬಹುದು… ಏಪ್ರಿಲ್ ತಿಂಗಳು, ಆದರೂ. ಹೊರಲು ನಾಲ್ಕು ಹೆಗಲು ಸಿಗದಿರಬಹುದು. ಸಿಕ್ಕ ನಾಲ್ಕರಲ್ಲಿ ನಾನೇ ಎಡವಬಹುದು.

"ಇಷ್ಟು ಚಿಂತಿ ಸತ್ತವರಿಗೂ ಇಲ್ಲ ಬಿಡ್ರಿ," ಎನ್ನುತ್ತ ಹೆಂಡತಿ ಅಂಗಿ ಕೈಗಿತ್ತಳು.

ಅಕ್ಕೋರಿಗೆ ಬದುಕಿದ್ದಾಗಲೂ ಇರಲಿಲ್ಲ. ರಂಗಂಪೇಟೆಯ ಶಾಲೆಯಲ್ಲಿ ನಮಗೆ ಕಲಿಸುತ್ತಿದ್ದರು. ಭಾನುವಾರ ತಮ್ಮ ಬಾಡಿಗೆ ಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡು ಬೈಬಲ್ಲಿನ ಕತೆ ಹೇಳುತ್ತಿದ್ದರು. ಮನೆ ಬದಲಾದಂತೆ ಕಟ್ಟೆ ಬದಲಾಗುತ್ತಿತ್ತು, ಕತೆ ಮಾತ್ರ ತಿರುಗಿ ತಿರುಗಿ ಅಬ್ರಹಾಮನದೇ. ದೇವರು ಎದ್ದು ಹೊರಡು ಎಂದ, ಎಲ್ಲಿಗೆ ಅಂತ ಹೇಳಲಿಲ್ಲ, ಮುದುಕ ಹೊರಟೇಬಿಟ್ಟ. ಬುತ್ತಿ ಕಟ್ಟಿಕೊಂಡನೋ ಇಲ್ಲವೋ ಎಂದು ಕೇಳಿ ನಗೆಪಾಟಲಾಗಿದ್ದೆ.

ನಿವೃತ್ತರಾದ ಮೇಲೂ ಅವರದು ಬಾಡಿಗೆ ಮನೆಯೇ. ಮಕ್ಕಳಿರಲಿಲ್ಲ. ಸೊಂಟ ಬಾಗಿ, ನೆಲ ನೋಡುತ್ತಲೇ ನಡೆಯುತ್ತಿದ್ದರು. ನಾನು ಹೋದಾಗಲೆಲ್ಲ ಅದೇ ಮಾತು ತೆಗೆಯುತ್ತಿದ್ದೆ.

"ಅಕ್ಕೋರೆ, ಆ ಗ್ವಾಡಿ ಕಡಿ ಜಾಗಾ ನಿಮಗಂತ ಹೇಳಿ ಇಡ್ರಿ. ನಾಳಿ ಯಾರರ ಬಂದ್ರ?"

"ಬಂದ್ರ ಮಲಗ್ಲಿ ಬಿಡೋ ತಮ್ಮಾ. ಅಬ್ರಹಾಮಗ ದೇವ್ರು ದೇಶಾನೇ ಕೊಡ್ತೀನಿ ಅಂದಿದ್ದ. ಸಾಯೂತನಕ ಡೇರೆದಾಗ ಕಳದ. ಕಡೀಗಿ ಕೈಗಿ ಹತ್ತಿದ್ದು ಹೆಂಡ್ತೀನ ಮಣ್ಣು ಮಾಡೂವಷ್ಟು ಹೊಲ. ಅದೂ ಕೊಂಡಿದ್ದು!"

"ಹಂಗಾರ ದೇವ್ರು ಮಾತು ತಪ್ಪಿದನೇನ್ರಿ?"

"ತಪ್ಪಿದ ಅಂತ ಅಬ್ರಹಾಮನೇ ಅನ್ನಲಿಲ್ಲ. ನಡುವ ನೀ ಯಾರೋ, ಅವನ ವಕೀಲ?"

ಹಲ್ಲಿಲ್ಲದ ಬಾಯಿ ತುಂಬ ನಕ್ಕಿದ್ದರು…

ಮಣ್ಣಿನ ದಿನ ನೋಡಿದರೆ ಗೋಡೆಯ ಪಕ್ಕದ ಜಾಗ ಖಾಲಿಯೇ ಇತ್ತು. ಗಾಡಿ ಎಲ್ಲೂ ನಿಲ್ಲಲಿಲ್ಲ. ಪಾಸ್ಟರ್ ನನಗಿಂತ ಮೊದಲೇ ಬಂದು ನೆರಳಲ್ಲಿ ಕೂತಿದ್ದರು. ಗೇಟಿಗೆ ಬೀಗವೇ ಇರಲಿಲ್ಲ. ಹೆಗಲು ಕೊಡುವವರು ಎಷ್ಟು ಜನ ಬಂದಿದ್ದರೆಂದರೆ ನನ್ನನ್ನು ಬದಿಗೆ ಸರಿಸಿದರು. ಎಲ್ಲರೂ ಅಳುತ್ತಿದ್ದರು. ನನಗೆ ಏನೂ ಅನ್ನಿಸಲಿಲ್ಲ. ಗೇಟಿನ ಬಣ್ಣ ಎದ್ದು ಹೋದದ್ದನ್ನು ನೋಡುತ್ತ ನಿಂತಿದ್ದೆ.

ಪೆಟ್ಟಿಗೆಯನ್ನು ಕುಣಿಗೆ ಇಳಿಸಹೋದರೆ ಇಳಿಯಲಿಲ್ಲ.

"ಒಂದ್ ಗೇಣು ಕಮ್ಮಿ ಬಿದ್ದದರಿ," ಎಂದ ಕುಣಿ ತೋಡಿದವನು. "ಅಳತಿ ಹೇಳಿದವ್ರು ಯಾರು?"

ನಾನೇ ಹೇಳಿದ್ದೆ. ಬೆಳಿಗ್ಗೆ ಫೋನು ಮಾಡಿ, ಅಕ್ಕೋರು ನನ್ನ ಹೆಗಲಮಟ್ಟ ಇದ್ದಾರೆ, ಹೆಚ್ಚು ಅಗೆಯಬೇಡ, ಬಂಡೆ ಹತ್ತೀತು ಎಂದು ಎಚ್ಚರಿಕೆಯನ್ನೂ ಕೊಟ್ಟಿದ್ದೆ. ನನ್ನ ಕಣ್ಣಲ್ಲಿದ್ದವರು ಬಾಗಿ ನಡೆಯುವ ಅಕ್ಕೋರು. ಬಡಿಗ ಮಾತ್ರ ಮಲಗಿಸಿದ ದೇಹಕ್ಕೆ ದಾರ ಹಿಡಿದು ಅಳೆದಿದ್ದ. ಮಲಗಿದ ಮೇಲೆ ಅವರು ಮತ್ತೆ ನೆಟ್ಟಗಾಗಿದ್ದರು, ತರಗತಿಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಬರುತ್ತಿದ್ದ ದಿನಗಳ ಎತ್ತರಕ್ಕೆ…

ಪೆಟ್ಟಿಗೆಯನ್ನು ಬಿಸಿಲಲ್ಲಿ ನೆಲದ ಮೇಲಿಟ್ಟರು. ಅವನು ಮತ್ತೆ ಗುದ್ದಲಿ ಹಿಡಿದ. ಪಾಸ್ಟರ್ ಪುಸ್ತಕ ಮುಚ್ಚಿ, ಅದರಿಂದಲೇ ಗಾಳಿ ಹಾಕಿಕೊಂಡರು. ನಾನು ಪೆಟ್ಟಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಸುಮ್ಮನೆ ಮುಚ್ಚಳದ ಮೇಲೆ ಬಿದ್ದ ಮಣ್ಣು ಒರೆಸಿದೆ.

ನನಗೆ ಅಳು ಇಂದಿಗೂ ಬಂದಿಲ್ಲ. ಸುರಪುರಕ್ಕೆ ಹೋದಾಗ ಗೇಟಿನವರೆಗೆ ಹೋಗಿ ತಿರುಗುತ್ತೇನೆ. ಅಷ್ಟೆಲ್ಲ ಚಿಂತೆ ಮಾಡಿದ ಆ ದಿನ ಕೆಟ್ಟದ್ದು ಒಂದೇ ಒಂದು ಗೇಣು, ಅದೂ ನನ್ನ ಕೈಯಿಂದಲೇ. ಇದನ್ನು ಕೇಳಿ ಹೊಟ್ಟೆ ಹುಣ್ಣಾಗುವಂತೆ ನಗುವವರು ಒಬ್ಬರೇ ಇದ್ದರು. ಈಗ ಹೇಳೋಣವೆಂದರೆ ಅವರಿಲ್ಲ.