ಹತ್ತೇ ನಿಮಿಷದ ಕಪ್ಪು

ನನ್ನ ತಲೆ ಈಗ ಪೂರ್ತಿ ಬೆಳ್ಳಗಿದೆ. ಅದರಿಂದ ಯಾರ ಗಂಟೂ ಹೋಗಿಲ್ಲ. ಆದರೂ ದೇವರಾಜ ಮೊಹಲ್ಲಾದ ನಮ್ಮ ಪಾತ್ರೆ ಅಂಗಡಿಗೆ ಬರುವ ಹೆಂಗಸರಲ್ಲಿ ಅರ್ಧ ಜನ ಕುಕ್ಕರ್ ನೋಡುವ ಮೊದಲು ನನ್ನ ನೆತ್ತಿ ನೋಡುತ್ತಾರೆ. ನೋಡಿ ಸುಮ್ಮನಿರುತ್ತಾರೆಯೇ? "ಏನ್ರೀ, ಹಂಗೇ ಬಿಟ್ಬುಟ್ಟಿದ್ದೀರಲ್ಲ!" ಎಂದು ಶುರು ಮಾಡುತ್ತಾರೆ, ನಾನೇನೋ ಮನೆ ಬಾಗಿಲು ತೆರೆದಿಟ್ಟು ಊರಿಗೆ ಹೋದವಳ ಹಾಗೆ.

ಆಮೇಲೆ ಉಪದೇಶ. ಬೈತಲೆಗೆ ಮಾತ್ರ ಬಳಿದುಕೊಳ್ಳುವ ಕಡ್ಡಿ ಬಂದಿದೆಯಂತೆ, ಬುಡ ತಿರುಗಿಸಿದರೆ ಲಿಪ್‌ಸ್ಟಿಕ್ಕಿನ ಹಾಗೆ ಮೇಲೆ ಬರುತ್ತದಂತೆ. ಉದುರಿಸಿಕೊಳ್ಳುವ ಪುಡಿಯಿದೆಯಂತೆ, ಎಲ್ಲಿಗಾದರೂ ಹೊರಡುವಾಗ ಒಂದು ಚಿಟಿಕೆ ಸಾಕಂತೆ. ಬೆವರಿದರೆ ಅದು ಹಣೆಯ ಮೇಲೆ ಕರ್ರಗೆ ಇಳಿಯುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನೇರ ಬೈತಲೆ ಬಿಟ್ಟು ಓರೆ ಬೈತಲೆ ತೆಗೆದರೆ ಬಿಳಿ ಅಷ್ಟಾಗಿ ಕಾಣುವುದಿಲ್ಲವಂತೆ. "ಏನೂ ರಗಳೆ ಇಲ್ಲ ಕಣ್ರೀ, ಹತ್ತೇ ನಿಮಿಷ" ಎನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ರಗಳೆ ಇಲ್ಲದ್ದು ಎಂದರೆ ಏನೂ ಮಾಡದೆ ಇರುವುದು. ಅದಕ್ಕಿಂತ ಸುಲಭದ ಉಪಾಯ ಇದ್ದರೆ ತೋರಿಸಲಿ, ಒಂದು ಲೋಟ ಪುಕ್ಕಟೆ ಕೊಟ್ಟು ಕಳಿಸುತ್ತೇನೆ.

ನನ್ನ ಪಕ್ಕದಲ್ಲೇ ಗಲ್ಲಾದ ಮೇಲೆ ನನ್ನ ಗಂಡ ಕೂತಿರುತ್ತಾರೆ. ಅವರ ತಲೆಯಲ್ಲಿ ಉಳಿದಿರುವ ನಾಲ್ಕು ಕೂದಲೂ ಬಿಳಿಯೇ. ಅವರಿಗೆ ಈ ಹೆಂಗಸರು "ನಮಸ್ಕಾರ ಯಜಮಾನ್ರೇ" ಎನ್ನುತ್ತಾರೆ. ಕಡ್ಡಿ, ಪುಡಿ ಎಲ್ಲ ನನ್ನ ಪಾಲಿಗೆ.

ನಾನು ಹಚ್ಚಿಕೊಳ್ಳದೆ ಇದ್ದವಳೇನಲ್ಲ. ವರ್ಷಗಟ್ಟಲೆ ಮೆಹಂದಿ ಮೆತ್ತಿಕೊಂಡಿದ್ದೇನೆ. ಶನಿವಾರ ಸಂಜೆ ಟೀ ಡಿಕಾಕ್ಷನ್ನಿನಲ್ಲಿ ಕಲಸಿ ಕಬ್ಬಿಣದ ಬಾಣಲೆಯಲ್ಲಿ ನೆನೆಸಿಡುವುದು, ಭಾನುವಾರ ಬೆಳಿಗ್ಗೆ ತಲೆಗೆ ಬಳಿದುಕೊಂಡು ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಅಡುಗೆ ಮಾಡುವುದು. ಅಗ್ರಹಾರದ ನಮ್ಮ ಮನೆ ಬೀದಿಗೆ ಅಂಟಿಕೊಂಡೇ ಇದೆ. ಬಾಗಿಲಿಗೆ ಯಾರು ಬಂದರೂ ಆ ಕವರಿನ ತಲೆಯನ್ನೇ ಹೊತ್ತುಕೊಂಡು ಹೋಗಬೇಕು. ಇಷ್ಟಾಗಿಯೂ ಕಪ್ಪಾಗುತ್ತಿತ್ತೇ? ಕಿತ್ತಳೆ ಬಣ್ಣ ಬರುತ್ತಿತ್ತು. ಆದರೆ ಒಂದು ಮಾತು ನಿಜ. ಆ ಕಿತ್ತಳೆ ನನ್ನ ಮೈಗೆ ಯಾವ ಕೇಡನ್ನೂ ಮಾಡಲಿಲ್ಲ. ಕೇಡು ಮಾಡಿದ್ದು ಆ ಹತ್ತು ನಿಮಿಷದ ಕಪ್ಪು, ಅದೂ ಮಗಳ ಮದುವೆಯಲ್ಲಿ.

ನಮ್ಮ ಜನರಲ್ಲಿ ಮದುವೆಗೆ ಹಾಲಿನ ಧಾರೆ. ಗಂಡು ಹೆಣ್ಣು ಕೈ ಕೂಡಿಸಿ ತೆಂಗಿನಕಾಯಿ ಹಿಡಿದು ನಿಲ್ಲುತ್ತಾರೆ. ಅದರ ಮೇಲೆ ಗಿಂಡಿಯಿಂದ ಮೊದಲು ಹಾಲು ಎರೆಯುವುದು ಹೆಣ್ಣಿನ ತಂದೆ ತಾಯಿ, ಜೋಡಿಯಾಗಿ. ಆಮೇಲೆ ನೆಂಟರು, ಊರಿನವರು, ಅಂಗಡಿಬೀದಿಯವರು, ಬಂದವರೆಲ್ಲ ಸಾಲಾಗಿ ಬಂದು ಎರೆಯುತ್ತಾರೆ. ಎಷ್ಟು ಜನ ಎರೆದರೂ ಧಾರೆ ಎರೆದವರು ಅನ್ನಿಸಿಕೊಳ್ಳುವುದು ಆ ಮೊದಲ ಇಬ್ಬರೇ. ನನಗೆ ಇರುವುದು ಒಬ್ಬಳೇ ಮಗಳು. ಒಡವೆ, ಸೀರೆ, ಛತ್ರ, ಊಟ ಎಲ್ಲವನ್ನೂ ಯಾರು ಹೇಗೆ ಬೇಕಾದರೂ ಮಾಡಿಕೊಳ್ಳಲಿ ಎಂದು ಬಿಟ್ಟಿದ್ದೆ. ನನಗೆ ಬೇಕಾಗಿದ್ದದ್ದು ಆ ಮೊದಲ ಹಾಲು. ಮಗಳು ತೊಟ್ಟಿಲಲ್ಲಿದ್ದಾಗಿನಿಂದ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ಚಪ್ಪರದ ಹಿಂದಿನ ದಿನ ಬನ್ನಿಮಂಟಪದಿಂದ ನನ್ನ ಓರಗಿತ್ತಿ ಬಂದಳು. ನನ್ನ ಮೈದುನನ ಹೆಂಡತಿ, ನನಗಿಂತ ಚಿಕ್ಕವಳು. ಒಳಗೆ ಬಂದು ಚೀಲ ಇಡುವುದಕ್ಕೂ ಮೊದಲೇ ನನ್ನ ತಲೆ ಹಿಡಿದಳು.

"ಅಕ್ಕ, ಈ ಕಿತ್ಲೆಹಣ್ಣಿನ ತಲೆ ಇಟ್ಕೊಂಡು ಧಾರೆ ಎರೀತೀಯಾ? ಬೀಗ್ರು ಏನಂದ್ಕೊಳಲ್ಲ? ಫೋಟೋದಲ್ಲಿ ಜೀವಮಾನ ಪೂರ್ತಿ ಹಿಂಗೇ ಇರ್ತದೆ ಕಣಕ್ಕ."

"ಈಗೆಲ್ಲಿ ಮೆಹಂದಿ ಹಾಕ್ಕೊಂಡು ಕೂತ್ಕೊಳ್ಲೇ, ಮನೆ ತುಂಬ ಕೆಲ್ಸ" ಎಂದೆ.

"ಮೆಹಂದಿ ಯಾರಿಗ್ ಬೇಕು? ಇದು ಶಾಂಪೂ ಇದ್ದಂಗದೆ. ತಲೆಗ್ ಹಾಕಿ ಉಜ್ಜದು, ಹತ್ ನಿಮಿಷ ಬುಟ್ಟು ತೊಳ್ಕೊಂಬುಡದು. ನಾನು ಯಾವಾಗ್ಲೂ ಇದ್ನೇ ಹಾಕ್ಕೊಳದು."

ಅವಳು ಚೀಲದಿಂದ ತೆಗೆದುಕೊಟ್ಟ ಪೊಟ್ಟಣವನ್ನು ತಿರುಗಿಸಿ ನೋಡಿದೆ. ಹಿಂಭಾಗದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಏನೇನೋ ಇತ್ತು. "ಕಿವಿ ಹಿಂದೆ ಒಂಚೂರು ಹಚ್ಚಿ ಎರಡು ದಿನ ನೋಡ್ಬೇಕು ಅಂತ ಬರ್ದವ್ರಲ್ಲೇ" ಎಂದೆ.

"ಬರೀಬೇಕು ಅಂತ ಬರೀತಾರೆ. ಯಾರ್ ಮಾಡ್ತಾರೆ ಅದ್ನೆಲ್ಲ? ನಾಳೆ ಚಪ್ಪರ, ಎರಡು ದಿನ ಎಲ್ಲದೆ?"

ಬಚ್ಚಲ ಮನೆಯಲ್ಲಿ ನನ್ನನ್ನು ಮಣೆ ಮೇಲೆ ಕೂರಿಸಿ ಅವಳೇ ಉಜ್ಜಿದಳು. ಪೊಟ್ಟಣದ ಜೊತೆ ಬಂದಿದ್ದ ಪ್ಲಾಸ್ಟಿಕ್ ಗ್ಲೌಸನ್ನು ಮರೆಯದೆ ತನ್ನ ಕೈಗೆ ಹಾಕಿಕೊಂಡಳು. ನನ್ನ ತಲೆಗೆ ಯಾವ ಗ್ಲೌಸೂ ಇರಲಿಲ್ಲ. ತೊಳೆದು ಕನ್ನಡಿ ನೋಡಿಕೊಂಡೆ. ಕೂದಲು ಕಪ್ಪೆಂದರೆ ಕಪ್ಪು, ಮದುವೆಯಾದ ಹೊಸತರಲ್ಲಿ ಇದ್ದ ಹಾಗೆ. ಖುಷಿಯಾಯಿತು, ಅದನ್ನೇಕೆ ಮುಚ್ಚಿಡಲಿ. ಅವಳಿಗೆ ಎರಡು ಲೋಟ ಕಾಫಿ ಮಾಡಿ ಕೊಟ್ಟೆ. ಆ ಕಾಫಿ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಾರನೆಯ ದಿನ ಚಪ್ಪರ ಹಾಕುವ ಹೊತ್ತಿಗೆ ಕಿವಿಯ ಹಿಂದೆ ನವೆ ಶುರುವಾಯಿತು. ಮಧ್ಯಾಹ್ನದ ಊಟಕ್ಕೆ ಹಣೆ ದಪ್ಪಗಾಯಿತು. ಸಂಜೆ ಕನ್ನಡಿಯಲ್ಲಿ ನೋಡಿಕೊಂಡರೆ ಯಾರೋ ಬೇರೆ ಹೆಂಗಸು. ಕಣ್ಣಿನ ರೆಪ್ಪೆ ಊದಿ ಇಡ್ಲಿಯಾಗಿತ್ತು, ಕುತ್ತಿಗೆಯ ತುಂಬ ಕೆಂಪು ಗುಳ್ಳೆ. ಗಂಡ ಹೆದರಿ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಡಾಕ್ಟರು ನನ್ನ ಕೂದಲಂಚು ನೋಡಿ, "ಡೈ ಹಾಕಿದ್ರಾ?" ಎಂದು ಕೇಳಿದರು. ಹೌದು ಎಂದೆ. "ಅದೇ. ಇನ್ನು ಮುಂದೆ ಯಾವ ಬಣ್ಣವನ್ನೂ ಮುಟ್ಟಬೇಡಿ" ಎಂದು ಇಂಜೆಕ್ಷನ್ ಕೊಟ್ಟು, ಮಾತ್ರೆ ಬರೆದು, ಇಳಿಯಲು ಕೆಲವು ದಿನ ಬೇಕು ಎಂದರು. ಗಂಡ ನನ್ನ ಪಕ್ಕದಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡರು. ಇದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ.

ಮನೆಗೆ ಬಂದರೆ ನಡುಮನೆಯಲ್ಲಿ ಗಂಡನ ಅಕ್ಕ ಕೂತಿದ್ದರು. ಅತ್ತೆ ಹೋದ ಮೇಲೆ ನಮ್ಮ ಮನೆಯಲ್ಲಿ ಅವರು ಹೇಳಿದ್ದೇ ಕೊನೆ. ನನ್ನ ಕುತ್ತಿಗೆಯ ಗುಳ್ಳೆ ನೋಡಿದ್ದೇ ತಡ, ಕೆನ್ನೆ ಕೆನ್ನೆ ಬಡಿದುಕೊಂಡರು.

"ಅಯ್ಯೋ, ಇವ್ಳಿಗೆ ಅಮ್ಮ ಎದ್ದದೆ ಕಣ್ರೋ! ಚಪ್ಪರದ ದಿನವೇ ಅಮ್ಮ ಎದ್ದದೆ!"

ಸೀತಾಳೆ ಸಿಡುಬಿಗೆ ನಮ್ಮ ಹಿರಿಯರು ಹಾಗೆನ್ನುತ್ತಾರೆ. ಅದು ಕಾಯಿಲೆಯಲ್ಲ, ದೇವಿ ಮೈಮೇಲೆ ಬಂದಿರುವುದು ಎಂದು ಲೆಕ್ಕ. ಬಂದವರನ್ನು ಬೇವಿನ ಸೊಪ್ಪು ಹಾಸಿ ಒಂದು ಕೋಣೆಯಲ್ಲಿ ಬಿಡಬೇಕು. ಅವರು ಶುಭಕಾರ್ಯಕ್ಕೆ ಕೈ ಹಾಕುವಂತಿಲ್ಲ, ಮದುಮಗಳ ಹತ್ತಿರ ಸುಳಿಯುವಂತಿಲ್ಲ, ಧಾರೆಯ ಹಾಲನ್ನಂತೂ ಮುಟ್ಟುವ ಹಾಗೇ ಇಲ್ಲ.

"ಅಮ್ಮನೂ ಇಲ್ಲ ಏನೂ ಇಲ್ಲ ಅತ್ತಿಗೆ, ತಲೆಗೆ ಹಾಕಿದ್ದು ಆಗ್ಲಿಲ್ಲ. ಡಾಕ್ಟ್ರೇ ಹೇಳವ್ರೆ" ಎಂದೆ.

"ಡಾಕ್ಟ್ರಿಗೇನ್ ಗೊತ್ತದು? ಅವ್ರು ಎಲ್ಲಾದ್ಕೂ ಒಂದ್ ಇಂಗ್ಲಿಷ್ ಹೆಸ್ರು ಮಡಗ್ತಾರೆ" ಎಂದು ಓರಗಿತ್ತಿಯ ಕಡೆ ತಿರುಗಿದರು. "ಏನ್ ಹಾಕ್ದೆಯೇ ಇವ್ಳ ತಲೆಗೆ?"

ಎಲ್ಲರೂ ಅವಳನ್ನೇ ನೋಡಿದರು. ಪೊಟ್ಟಣದ ಹಿಂದೆ ಬರೆದದ್ದನ್ನು ನಾನು ಓದಿ ಹೇಳಿದ್ದು ಅವಳಿಗೆ ಮರೆತಿರಲಿಲ್ಲ. ಕಣ್ಣು ನೋಡಿದರೇ ಗೊತ್ತಾಗುತ್ತಿತ್ತು. ಸೆರಗು ಸರಿಮಾಡಿಕೊಂಡು, "ನಾನೂ ಅದ್ನೇ ಹಾಕ್ಕೊಳದು ಅತ್ತಿಗೆ. ನಂಗೇನೂ ಆಗ್ಲಿಲ್ವಲ್ಲ. ಅಮ್ಮನೇ ಇರ್ಬೇಕು" ಎಂದಳು.

ಅಲ್ಲಿಗೆ ಮುಗಿಯಿತು. ಡೈ ತಪ್ಪು ಅಂದರೆ ಅವಳ ತಪ್ಪು, ಅಮ್ಮ ಅಂದರೆ ಯಾರ ತಪ್ಪೂ ಅಲ್ಲ. ಬೈಸಿಕೊಳ್ಳುವುದನ್ನು ತಪ್ಪಿಸಿಕೊಳ್ಳಲು ಅವಳು ದೇವರನ್ನು ನನ್ನ ಮೈಮೇಲೆ ಎತ್ತಿಹಾಕಿದಳು. ಗಂಡನ ಅಕ್ಕ ಆಗಲೇ ಮುಂದಿನದ್ದನ್ನು ತೀರ್ಮಾನ ಮಾಡಿಬಿಟ್ಟಿದ್ದರು. ತಾಯಿ ಇಲ್ಲದೆ ತಂದೆ ಒಬ್ಬನೇ ಎರೆಯುವ ಹಾಗಿಲ್ಲ, ಜೋಡಿಯೇ ಬೇಕು. ಹಾಗಾಗಿ ಮೈದುನನೂ ಅವನ ಹೆಂಡತಿಯೂ ಧಾರೆ ಎರೆಯಲಿ ಎಂದರು.

ನಾನು ಗಂಡನ ಮುಖ ನೋಡಿದೆ. ಕ್ಲಿನಿಕ್ಕಿನಲ್ಲಿ ನನ್ನ ಪಕ್ಕದಲ್ಲಿ ನಿಂತಿದ್ದ ಮನುಷ್ಯ. ಅವರು ಟವೆಲ್ಲಿನಿಂದ ಬಾಯಿ ಒರೆಸಿಕೊಂಡು, "ಬೀಗ್ರ ಮುಂದೆ ರಂಪ ಬೇಡ ಕಣೆ. ಯಾರ್ ಎರುದ್ರೂ ಹಾಲು ಹಾಲೇ ಅಲ್ವಾ?" ಎಂದರು. ಆ ಮಾತಾಡಿದ ಬಾಯಿಗೆ ಇವತ್ತಿಗೂ ನಾನೇ ಕಾಫಿ ಕೊಡುತ್ತೇನೆ. ಬೇಕೆಂದೇ ಸಕ್ಕರೆ ಮರೆಯುವ ದಿನಗಳೂ ಉಂಟು.

ಬನ್ನಿಮಂಟಪದ ಛತ್ರದಲ್ಲಿ ನನಗೆ ಕೊಟ್ಟದ್ದು ಅಡುಗೆಮನೆಯ ಪಕ್ಕದ ಸಾಮಾನು ಕೋಣೆ. ಅಕ್ಕಿ ಮೂಟೆ, ಬಾಳೆಲೆ ಕಟ್ಟು, ನಾನು. ಮದುವೆಯ ಹಿಂದಿನ ಸಂಜೆಯ ಆರತಕ್ಷತೆಯನ್ನು ಗೋಡೆಯ ಈ ಕಡೆಯಿಂದ ಕೇಳಿಸಿಕೊಂಡೆ. ನಡುವೆ ಮಗಳು ಬಾಗಿಲ ತನಕ ಬಂದಳು. ಗಂಡನ ಅಕ್ಕ ಅವಳ ತೋಳು ಹಿಡಿದು, "ಮದ್ಲಿಂಗಿತ್ತಿ ಒಳಿಕ್ಕೆ ಹೋಗಂಗಿಲ್ಲ" ಎಂದು ಎಳೆದುಕೊಂಡು ಹೋದರು. ಬಂದು ಇಣುಕಿದ ಹೆಂಗಸರೆಲ್ಲ ಅಯ್ಯೋ ಪಾಪ ಅಂದು, ಕೊನೆಗೆ "ಕೂದ್ಲು ಮಾತ್ರ ಚೆನ್ನಾಗ್ ಬಂದದೆ ಬುಡಿ" ಎನ್ನುತ್ತಿದ್ದರು. ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯಬೇಕೆನ್ನಿಸುತ್ತಿತ್ತು. ಕೈಗೆ ಸಿಗುವಂತಿದ್ದದ್ದು ಅಕ್ಕಿ ಮೂಟೆಗಳು.

ಬೆಳಿಗ್ಗೆ ಗಟ್ಟಿಮೇಳ ಮುಗಿಯಿತು. ಮೈಕಿನಲ್ಲಿ ಯಾರೋ ಕರೆದರು: "ಹೆಣ್ಣಿನ ತಂದೆ ತಾಯಿ ಸ್ಥಾನದಲ್ಲಿರೋರು ಧಾರೆಗೆ ಬರ್ಬೇಕು."

ಸ್ಥಾನದಲ್ಲಿರುವವರು! ಹೆತ್ತವಳು ಗೋಡೆಯ ಹಿಂದೆ ಬದುಕಿಯೇ ಇದ್ದಳಲ್ಲ. ಅಲ್ಲಿಯವರೆಗೆ ಅಳು ಬರುತ್ತಿತ್ತು. ಆ ಮಾತು ಕೇಳಿದ ಮೇಲೆ ಅಳು ಹೋಗಿ ಸಿಟ್ಟು ಬಂತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊರಗೆ ಬಂದೆ. ಕಣ್ಣು ಅರ್ಧ ತೆರೆಯುತ್ತಿತ್ತು, ಕುರ್ಚಿಗಳನ್ನು ತಡವಿಕೊಂಡು ಹೋಗಬೇಕಾಯಿತು. ಛತ್ರದ ಮಧ್ಯಕ್ಕೆ ಬರುವಷ್ಟರಲ್ಲಿ ವೇದಿಕೆಯ ಮೇಲೆ ಮೈದುನನೂ ಓರಗಿತ್ತಿಯೂ ಗಿಂಡಿ ಹಿಡಿದು ಬಗ್ಗಿದ್ದು ಕಾಣಿಸಿತು. ಕ್ಯಾಮೆರಾ ಮಿಂಚಿತು. ಮೊದಲ ಹಾಲು ಆಗಿಹೋಯಿತು. ಮೈದುನ ಕೆಳಗಿಳಿದು ಹೋದ. ಅವಳು ಮಾತ್ರ ಬಂದವರಿಗೆ ಗಿಂಡಿ ಕೊಟ್ಟು ತೆಗೆದುಕೊಳ್ಳುತ್ತ ಅಲ್ಲೇ ನಿಂತಳು, ತಾಯಿ ನಿಲ್ಲುವ ಜಾಗದಲ್ಲಿ.

ಮೆಟ್ಟಿಲ ಹತ್ತಿರ ಗಂಡಿನ ಕಡೆಯವನೊಬ್ಬ ಜನರನ್ನು ಬಿಡುತ್ತಿದ್ದ. ಅವನಿಗೆ ನನ್ನ ಗುರುತು ಹೇಗೆ ಹತ್ತಬೇಕು? "ಸಾಲಲ್ ಬನ್ನಿ ಅಮ್ಮ, ಎಲ್ರೂ ಸಾಲಲ್ಲೇ ಬರ್ತಾವ್ರೆ" ಎಂದು ಕೈ ಅಡ್ಡ ಹಿಡಿದ. ಹೋಗಿ ಸಾಲಿನಲ್ಲಿ ನಿಂತೆ. ನನ್ನ ಮಗಳ ಧಾರೆಗೆ ನಾನು ಸಾಲಿನಲ್ಲಿ ನಿಂತೆ.

ಮುಂದಿದ್ದ ಹೆಂಗಸು ತಿರುಗಿ ನೋಡಿದಳು. "ನೀವು ಗಂಡಿನ ಕಡೆಯವ್ರಾ, ಹೆಣ್ಣಿನ ಕಡೆಯವ್ರಾ?"

"ನಾನು ಹೆಣ್ಣಿನ ತಾಯಿ."

ಅವಳು ನನ್ನ ಮುಖ ನೋಡಿದಳು, ವೇದಿಕೆ ನೋಡಿದಳು. "ತಾಯಿ ಅಲ್ಲಿ ಮೇಲವ್ರಲ್ಲಮ್ಮ" ಎಂದು ಮೆತ್ತಗೆ, ಬುದ್ಧಿ ಸ್ವಾಧೀನವಿಲ್ಲದವರಿಗೆ ಹೇಳುವ ಹಾಗೆ ಹೇಳಿ, ಕೈಚೀಲವನ್ನು ಆ ಕಡೆಯ ಭುಜಕ್ಕೆ ಬದಲಾಯಿಸಿಕೊಂಡಳು. ಸಾಲು ಸರಿಯುವವರೆಗೂ ವೇದಿಕೆಯ ಮೇಲಿದ್ದ ಆ ಕಪ್ಪು ತಲೆಯನ್ನೇ ನೋಡುತ್ತಿದ್ದೆ.

ನನ್ನ ಸರದಿ ಬಂತು. ಸೆರಗಿನ ಒಳಗಿನ ಮುಖ ಯಾರದೆಂದು ಓರಗಿತ್ತಿಗೆ ತಿಳಿದದ್ದು ಗಿಂಡಿ ನನ್ನ ಕೈಗೆ ಬಂದ ಮೇಲೆ.

"ಅಕ್ಕಾ! ನೀನ್ಯಾಕ್ ಬಂದೆ? ಅತ್ತಿಗೆ ನೋಡುದ್ರೆ..." ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಸರಿ, ಬೇಗ ಹುಯ್ಯಿ, ಜನ ಕಾಯ್ತಾವ್ರೆ."

ಆಗ ಮಗಳು ತಲೆಯೆತ್ತಿದಳು. ನನ್ನ ಊದಿದ ಕಣ್ಣನ್ನು ನೋಡಿದಳು.

"ಅಮ್ಮ, ನಿಧಾನ್ವಾಗಿ ಹುಯ್ಯಿ" ಎಂದಳು.

ಹುಯ್ದೆ. ದಾರದಷ್ಟು ಸಣ್ಣಗೆ, ಗಿಂಡಿ ಪೂರ್ತಿ ಬರಿದಾಗುವವರೆಗೆ ಹುಯ್ದೆ. ಹಿಂದಿನವರು ಗೊಣಗಲಿ ಎಂದುಕೊಂಡೆ. ಮುಗಿದ ಮೇಲೆ ಓರಗಿತ್ತಿ ಗಿಂಡಿಗಾಗಿ ಕೈಚಾಚಿದಳು. ನಾನು ಕೊಡಲಿಲ್ಲ. "ಕೆಳಗಿಳಿ" ಎಂದೆ. ಪಕ್ಕದಲ್ಲೇ ಮೈಕು ಇತ್ತು. ಅದು ಇಡೀ ಛತ್ರಕ್ಕೆ ಕೇಳಿಸಿತು.

ಮುಂದಿನ ಸಾಲಿನಲ್ಲಿ ಗಂಡನ ಅಕ್ಕ ಎದ್ದು ನಿಂತರು, ಆದರೆ ಅಷ್ಟು ಜನರನ್ನು ನೋಡಿ ಮತ್ತೆ ಕೂತುಬಿಟ್ಟರು. ಓರಗಿತ್ತಿ ಕೆಳಗಿಳಿದಳು. ನಾನು ಅವಳು ನಿಂತಿದ್ದಲ್ಲಿ ನಿಂತೆ. ಗಿಂಡಿಗೆ ಹಾಲು ತುಂಬಿಸಿಕೊಂಡೆ. ಆಮೇಲೆ ಬಂದವರೆಲ್ಲ ನನ್ನ ಕೈಯಿಂದಲೇ ಅದನ್ನು ತೆಗೆದುಕೊಂಡು, ಎರೆದು, ನನ್ನ ಕೈಗೇ ಕೊಟ್ಟು ಹೋದರು. ಮಗಳ ಧಾರೆಯ ಕೊನೆಯ ತೊಟ್ಟಿನವರೆಗೂ ನಾನು ಅಲ್ಲಿಂದ ಅಲ್ಲಾಡಲಿಲ್ಲ. ಮೊದಲ ಹಾಲು ಮಾತ್ರ ಓರಗಿತ್ತಿ ಎರೆದದ್ದು. ಈಗಲೂ ಹಬ್ಬಕ್ಕೆ ಹೋಗಿ ಬರುತ್ತೇವೆ, ಎದುರಾದರೆ ನಗುತ್ತೇವೆ. ನಾನು ಅವಳನ್ನು ಕ್ಷಮಿಸಿಲ್ಲ. ಕ್ಷಮಿಸುವ ಯೋಚನೆಯೂ ಇಲ್ಲ.