ಲೈನಿಂಗ್ ಬಟ್ಟೆಯ ಮೇಲೆ ಅಮ್ಮ

ಟೈಲರ್ ಮೂಗನಲ್ಲ. ಆದರೂ ಬೀದಿಯವರು ಅವನಿಗೆ ಮೂಗಪ್ಪ ಎಂದೇ ಹೆಸರಿಟ್ಟಿದ್ದರು. ಅಳತೆ ತೆಗೆಯುವಾಗ "ಕೈ ಎತ್ತಿ", ಬಟ್ಟೆ ಕೊಡುವಾಗ "ಹಾಕಿ ನೋಡಿ", ಹೊಲಿದಾಗಿಲ್ಲದಿದ್ದರೆ "ನಾಳೆ". ಮನೆಯ ಮುಂದಿನ ಕೋಣೆಯಲ್ಲಿದ್ದ ಅವನ ಅಂಗಡಿ ನಡೆಯುತ್ತಿದ್ದದ್ದು ಇಷ್ಟು ಮಾತಿನಲ್ಲೇ. ಎಡಪಾದ ಹುಟ್ಟಿನಿಂದಲೇ ಒಳಕ್ಕೆ ತಿರುಗಿತ್ತು. ಬಲಗಾಲೊಂದರಲ್ಲೇ ಮಿಷನ್ ತುಳಿದು ಮನೆ ನಡೆಸಿದ, ಮಗಳನ್ನು ಓದಿಸಿದ, ಮದುವೆ ಮಾಡಿ ಕಳಿಸಿದ.

ಯಾಕೆ ಇಷ್ಟು ಕಡಿಮೆ ಮಾತು ಎಂದು ಹೆಂಡತಿ ಮದುವೆಯ ಹೊಸತರಲ್ಲಿ ಪೀಡಿಸಿ ಕೇಳಿದ್ದಳು. ಆಗ ಹೇಳಿದ್ದ. ಅವನು ಹುಟ್ಟಿದ ದಿನವೇ ಅವನ ತಾಯಿ ತೀರಿಕೊಂಡಿದ್ದಳು. ಅವನನ್ನು ಸಾಕಿದ ಅತ್ತೆ, ಎಂದರೆ ಅಪ್ಪನ ಅಕ್ಕ, ಅವನು ತೀರಾ ಚಿಕ್ಕವನಿದ್ದಾಗಲೇ ಇದನ್ನು ತಿಳಿಸಿದ್ದಳು. ನಾನು ಬಂದೆ, ಅವಳು ಹೋದಳು, ಅಂಥವನು ಬಾಯಿ ತೆರೆದು ನಗುವುದು ಚೆನ್ನಾಗಿರುವುದಿಲ್ಲ ಎನ್ನುವುದು ಅವನ ಎಣಿಕೆ. ಹುಟ್ಟಿದ ದಿನ ಬಂದರೆ ಅಂಗಡಿ ತೆರೆಯುತ್ತಿರಲಿಲ್ಲ, ಊಟ ಮುಟ್ಟುತ್ತಿರಲಿಲ್ಲ. ಮಗಳು ಹುಟ್ಟಿದಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಗರ ಬಡಿದವನಂತೆ ಕೂತಿದ್ದ. "ನಿಮ್ಮ ಹೆಂಡತಿ ಬದುಕಿದ್ದಾರೆ ಕಣ್ರೀ, ಏಳಿ ಮೇಲೆ" ಎಂದು ನರ್ಸು ಗದರಿದ ಮೇಲೇ ಒಳಗೆ ಕಾಲಿಟ್ಟದ್ದು. ಇನ್ನೊಂದು ಮಗು ಬೇಕೆಂದು ಹೆಂಡತಿ ಎಷ್ಟು ಕೇಳಿದರೂ ಒಪ್ಪಲಿಲ್ಲ.

ಅಮ್ಮನ ಮುಖವನ್ನು ಅವನು ನೋಡಿರಲಿಲ್ಲ. ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಅಪ್ಪ ಬದುಕಿರುವ ತನಕ ಆ ವಿಷಯ ಎತ್ತುವಂತಿರಲಿಲ್ಲ.

ಹೀಗಿರುವಾಗ ಒಂದು ದಿನ ದಪ್ಪ ಕನ್ನಡಕದ ಮುದುಕನೊಬ್ಬ ಆಟೋದಿಂದ ಇಳಿದು ಅಂಗಡಿಯ ಗೋಡೆ ಹಿಡಿದುಕೊಂಡು ಬಂದ. ಬಗಲಲ್ಲಿ ಹೊಲಿಗೆ ಮಿಷನ್ನಿನ ಮುಚ್ಚಳದಷ್ಟು ದೊಡ್ಡ ತಗಡಿನ ಪೆಟ್ಟಿಗೆ.

"ಪ್ಯಾಂಟಾ?" ಎಂದ ಟೈಲರ್.

"ಪ್ಯಾಂಟಲ್ಲ ಕಣೋ, ಮಾವ. ನಿಮ್ಮಮ್ಮನ ತಮ್ಮ ನಾನು."

ಟೈಲರ್ ಕೈಯಲ್ಲಿದ್ದ ಕತ್ತರಿ ಬಟ್ಟೆಯ ಮಧ್ಯದಲ್ಲೇ ನಿಂತಿತು. ಮಾವನೊಬ್ಬ ಇದ್ದಾನೆ, ಹಡಗಿನಲ್ಲಿ ವೈರಿಂಗ್ ಕೆಲಸ ಮಾಡುತ್ತಾನೆ ಎಂದು ಕೇಳಿದ್ದ, ಅಷ್ಟೆ. ಅಮ್ಮ ಸತ್ತಾಗ ಮಾವನಿಗೂ ಅಪ್ಪನಿಗೂ ಜಗಳವಾಗಿ ಮುಖ ನೋಡುವುದು ನಿಂತುಹೋಗಿತ್ತು. ಅಪ್ಪ ಊರು ಬಿಟ್ಟು ಇಲ್ಲಿಗೆ ಬಂದದ್ದೂ ಆಗಲೇ.

"ಕಣ್ಣು ಹೋಗ್ತಾ ಇದೆ. ಆಪರೇಷನ್ ಮಾಡ್ತಾರಂತೆ, ಬಂದ್ರೆ ಬಂತು, ಇಲ್ದಿದ್ರೆ ಇಲ್ಲ" ಎಂದು ಮಾವ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. "ಇದು ಮನೇಲಿ ಸಿನಿಮಾ ಬಿಡೋ ಪ್ರೊಜೆಕ್ಟರ್. ಹಳೇದು. ರಜಕ್ಕೆ ಬಂದಾಗ ನಾನೇ ಕ್ಯಾಮೆರಾದಲ್ಲಿ ತೆಗೆದಿದ್ದು ಒಂದು ಸುರುಳಿ ಇದೆ. ನಿಮ್ಮಮ್ಮ ಇದಾಳೆ ಇದ್ರೊಳಗೆ."

"ಇದ್ರೊಳಗಾ?"

"ನಡೀತಾಳೆ, ನಗ್ತಾಳೆ. ಫಿಲ್ಮು ಹಾಕೋಕೆ ನನಗೆ ಕಣ್ಣು ಸಾಲದು. ನೀನು ಸೂಜಿಗೆ ದಾರ ಹಾಕೋನು. ಹಾಕು."

ಅಂದು ಟೈಲರ್ ಮತ್ತೆ ಕತ್ತರಿ ಹಿಡಿಯಲಿಲ್ಲ.

ಪೆಟ್ಟಿಗೆ ತೆರೆದಾಗ ಅವನಿಗೆ ಅರ್ಧ ಗುರುತು ಸಿಕ್ಕಿತು. ಮೋಟರು, ಬೆಲ್ಟು, ಮೇಲೊಂದು ಸುರುಳಿ, ಕೆಳಗೊಂದು ಖಾಲಿ ಸುರುಳಿ. ಸೂಜಿಯ ಕೆಳಗೆ ಬಟ್ಟೆ ಎಳೆಯುವ ಹಲ್ಲಿನಂತೆ ಇಲ್ಲೂ ಒಂದು ಸಣ್ಣ ಕೊಕ್ಕೆ. ಅದು ಫಿಲ್ಮಿನ ತೂತಿಗೆ ಸಿಕ್ಕಿಕೊಂಡು ಒಂದೊಂದೇ ಚಿತ್ರವನ್ನು ದೀಪದ ಮುಂದಿನ ಕಿಂಡಿಗೆ ಎಳೆದು ನಿಲ್ಲಿಸುತ್ತದೆ. ಬೆಲ್ಟು ಕರಗಿ ಗೋಂದಾಗಿತ್ತು. ಅದನ್ನು ಕೆರೆದು ತೆಗೆದು, ಹೊಲಿಗೆ ಮಿಷನ್ನಿನ ಮೋಟರಿಗೆ ಹಾಕುವ ರಬ್ಬರ್ ಬೆಲ್ಟನ್ನು ಕತ್ತರಿಸಿ ಅಂಟಿಸಿ ಹಾಕಿದ. ಒಂದೊಂದು ತೊಟ್ಟು ಎಣ್ಣೆ ಬಿಟ್ಟ. ಫಿಲ್ಮು ಹಾಕದೆ ಬರಿದೇ ಓಡಿಸಿ ನೋಡಿದ. ಮೊದಲು ಧೂಳು ಸುಟ್ಟ ವಾಸನೆ, ಆಮೇಲೆ ಗರಗರ ಸದ್ದು, ಆಮೇಲೆ ಗೋಡೆಯ ಮೇಲೆ ಬಿಳಿ ಬೆಳಕು. ಹೆಂಡತಿ ಅಡಿಗೆಮನೆಯಿಂದ ಓಡಿ ಬಂದು, "ಅಯ್ಯೋ, ಬಂತಲ್ರೀ!" ಎಂದಳು.

"ಬೆಳಕು ಬಂತು, ನಮ್ಮಕ್ಕ ಇನ್ನೂ ಬಂದಿಲ್ಲ" ಎಂದ ಮಾವ. "ಈಗ ಕೇಳು. ಕಿಂಡಿಯ ಮೇಲೊಂದು ಬಳೆಯಂಥ ಸುತ್ತು, ಕೆಳಗೊಂದು ಬಳೆಯಂಥ ಸುತ್ತು ಬರೋ ಹಂಗೆ ಫಿಲ್ಮು ಸಡಿಲ ಬಿಡ್ಬೇಕು. ಚಕ್ರ ಒಂದೇ ಸಮ ತಿರುಗುತ್ತೆ, ಕೊಕ್ಕೆ ಜಗ್ಗಿ ಜಗ್ಗಿ ಎಳೆಯುತ್ತೆ. ಮಧ್ಯೆ ಸಡಿಲ ಇಲ್ಲಾ ಅಂದ್ರೆ ಹರಿದುಹೋಗುತ್ತೆ. ಇರೋದು ಇದೊಂದೇ ಸುರುಳಿ."

"ಹೂಂ" ಎಂದ ಟೈಲರ್.

ಸಡಿಲ ಬಿಟ್ಟ. ಆದರೆ ಸ್ವಿಚ್ಚು ಒತ್ತುವ ಮೊದಲು ಬೆರಳು ತನ್ನಷ್ಟಕ್ಕೆ ತಾನೇ ಹೋಗಿ ಸಡಿಲವನ್ನೆಲ್ಲ ಎಳೆದು ಬಿಗಿ ಮಾಡಿತು. ಜೀವಮಾನವೆಲ್ಲ ಮಾಡಿದ್ದೇ ಅದು. ಮಿಷನ್ನಿನಲ್ಲಿ ದಾರ ಸಡಿಲವಿದ್ದರೆ ಕೆಳಗೆ ಗಂಟಾಗುತ್ತದೆ, ಬಟ್ಟೆ ಹಾಳು. ಬೆರಳಿಗೆ ಗೊತ್ತಿದ್ದದ್ದು ಅಷ್ಟೇ. ತಾನು ಎಳೆದದ್ದು ಅವನಿಗೇ ತಿಳಿಯಲಿಲ್ಲ. ಮಾವನಿಗಂತೂ ಕಾಣಲಿಲ್ಲ.

ಸ್ವಿಚ್ಚು ಒತ್ತಿದ. ಗೋಡೆಯ ಮೇಲೆ ಏನೋ ಒಂದು ಮೇಲೆ ಕೆಳಗೆ ದಡಬಡ ಕುಣಿಯಿತು. ಕಟಕಟಕಟ ಎಂದು ಹಲ್ಲು ಮುರಿಯುವಂಥ ಸದ್ದು.

"ಆರಿಸೋ! ಆರಿಸು, ಆರಿಸು!" ಎಂದು ಮಾವ ಕಿರುಚಿದ.

ಆರಿಸಿದಾಗ ಗೇಣುದ್ದ ಫಿಲ್ಮಿನ ತೂತುಗಳೆಲ್ಲ ಕಿತ್ತುಹೋಗಿ, ಅಂಚು ಇಲಿ ಕಡಿದ ಬಟ್ಟೆಯಂತಾಗಿತ್ತು. ಅಮ್ಮ ಎಂದರೆ ಲೋಕದಲ್ಲಿ ಉಳಿದಿರುವುದು ಈ ಕಿರುಬೆರಳಗಲದ ಪಟ್ಟಿಯೊಂದೇ. ಅದನ್ನೂ ತಾನೇ ಹರಿದಿದ್ದ.

"ಅಮ್ಮ ಇದ್ಳಾ ಇದ್ರಲ್ಲಿ?" ಎಂದ ಟೈಲರ್.

"ಏನು ಕಾಣುತ್ತೆ ಹರಿದಿದ್ರಲ್ಲಿ? ಬೆಳಕಿಗೆ ಹಿಡಿದು ನೋಡು."

"ಸೈಕಲ್."

"ಹಂಗಾದ್ರೆ ಬಿಡು, ನನ್ನ ಸೈಕಲ್ ಅದು" ಎಂದು ಮಾವ ಉಸಿರು ಬಿಟ್ಟ. "ಹಾಳಾಗಿ ಹೋಗ್ಲಿ."

ಹರಿದ ತುಂಡನ್ನು ಟೈಲರ್ ಬ್ಲೇಡಿನಿಂದ ಎರಡು ಚಿತ್ರಗಳ ನಡುವಿನ ಗೆರೆಗೆ ಸರಿಯಾಗಿ ಕತ್ತರಿಸಿದ. ತುದಿಗೆ ತುದಿ ಕೂಡಿಸಿ ತೆಳು ಟೇಪು ಅಂಟಿಸಿ, ಟೇಪು ಮುಚ್ಚಿದ ತೂತುಗಳನ್ನು ಸೂಜಿಯಿಂದ ಬಿಡಿಸಿದ. ಬೆವರು ಫಿಲ್ಮಿನ ಮೇಲೆ ಬೀಳದ ಹಾಗೆ ಹೆಂಡತಿ ಅವನ ಹಣೆ ಒರೆಸುತ್ತ ನಿಂತಳು.

ವಾರದ ರಜೆಯ ದಿನ ಮಧ್ಯಾಹ್ನ ಕಿಟಕಿ ಬಾಗಿಲು ಮುಚ್ಚಿದರು. ಬಿಳಿ ಲೈನಿಂಗ್ ಬಟ್ಟೆಯನ್ನು ಇಸ್ತ್ರಿ ಮಾಡಿ, ಒಂದು ಸುಕ್ಕಿಲ್ಲದಂತೆ ಗೋಡೆಗೆ ಪಿನ್ನು ಹೊಡೆದಿದ್ದ. ಅವನನ್ನು ಸಾಕಿದ ಅತ್ತೆ ಈಗಲೂ ಅವನ ಮನೆಯಲ್ಲೇ ಇದ್ದಳು. ಬೆಳಗಿನಿಂದಲೇ ಸಿಡುಕುತ್ತಿದ್ದಳು.

"ಹೋದೋರನ್ನ ಯಾಕೆ ಕೆದಕ್ತೀರಾ? ಸೆಕೆಗೆ ತಲೆ ನೋಯ್ತಿದೆ. ನಾನು ಒಳಗೆ ಮಲಗ್ತೀನಿ."

"ಕೂತ್ಕೊಳ್ಳಿ ಅತ್ತೆ, ಸಿನಿಮಾನೇ ಮನೆಗೆ ಬಂದಿದೆ, ಟಿಕೆಟ್ಟೂ ಇಲ್ಲ" ಎಂದು ಹೆಂಡತಿ ಅವಳನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿದಳು.

ಟೈಲರ್ ಮೇಲೆ ಬಳೆ ಬಿಟ್ಟ, ಕೆಳಗೆ ಬಳೆ ಬಿಟ್ಟ. ಮತ್ತೆ ಎಳೆಯದಿರಲೆಂದು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ತಾನಿನ್ನೂ ಇಲ್ಲದ ಕಾಲದ ಅಮ್ಮನನ್ನು ನೋಡುತ್ತೇನೆ, ಅವಳು ಯಾರನ್ನು ಹಡೆದು ಸಾಯಬೇಕಿದೆ ಎಂದು ಅವಳಿಗಿನ್ನೂ ತಿಳಿದಿರುವುದಿಲ್ಲ ಎಂದುಕೊಂಡ. ಸ್ವಿಚ್ಚು ಒತ್ತಿದ.

ಬೀದಿ ಬಂತು. ಬಿಸಿಲು. ಒಂದು ನೀಲಿ ಬಾಗಿಲು. ಅದರಿಂದ ಹೆಂಗಸೊಬ್ಬಳು ಬೆನ್ನು ಮುಂದೆ ಮಾಡಿಕೊಂಡು, ಸೊಂಟ ಬಗ್ಗಿಸಿ, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಹೊರಬಂದಳು. ಏನನ್ನೋ ಎಳೆದು ತರುವಂತಿತ್ತು. ಒಮ್ಮೆ ತಿರುಗಿ ನೋಡಿದಳು.

"ಅಯ್ಯೋ, ನಮ್ಮ ಮಗಳದೇ ಮೂಗು!" ಎಂದಳು ಹೆಂಡತಿ.

ಟೈಲರ್ ನೋಡಿದ. ಮಗಳ ಮೂಗು, ಮಗಳ ಹಣೆ. ಅವಳು ನಗುತ್ತಿದ್ದಳು, ಬಾಯಿ ತೆರೆದು, ಸದ್ದಿಲ್ಲದೆ.

ಅವಳು ಪಕ್ಕಕ್ಕೆ ಸರಿದಳು. ಅವಳು ಎಳೆದು ತರುತ್ತಿದ್ದದ್ದು ಸಾಮಾನಲ್ಲ, ಮಗು. ಅದರ ಎರಡೂ ಕೈ ಅವಳ ಕೈಯಲ್ಲಿ. ಅವಳು ಒಂದು ಕೈ ಬಿಟ್ಟಳು. ಆಮೇಲೆ ಇನ್ನೊಂದನ್ನೂ ಬಿಟ್ಟಳು. ಮಗು ಕ್ಯಾಮೆರಾದ ಕಡೆಗೆ ತಟಪಟ ನಡೆದು ಬಂತು. ಬಲಪಾದ ನೆಟ್ಟಗೆ. ಎಡಪಾದ ಒಳಕ್ಕೆ.

ಟೈಲರ್ ಕೆಳಗೆ ನೋಡಿಕೊಂಡ. ಮತ್ತೆ ಬಟ್ಟೆಯನ್ನು ನೋಡಿದ. ಕೈ ಸ್ವಿಚ್ಚಿನ ಕಡೆ ಹೋಯಿತು.

"ನಿಲ್ಲಿಸ್ಬೇಡ!" ಸ್ವಿಚ್ಚಿನ ಮೇಲೆ ಕೈ ತಗುಲಿದ ಸದ್ದಿಗೇ ಮಾವ ಕೂಗಿದ. "ಓಡ್ತಾ ಇದ್ರೇನೇ ಉಳಿಯೋದು. ಮಧ್ಯೆ ನಿಲ್ಲಿಸಿದ್ರೆ ದೀಪದ ಕಾವಿಗೆ ಸುಟ್ಟುಹೋಗ್ತಾಳೆ!"

ಕೈ ಹಿಂದಕ್ಕೆ ಬಂತು. ಮಗು ಎಡವಿ ಕುಕ್ಕರಿಸಿತು. ಅವಳು ಓಡಿಬಂದು ಎತ್ತಿಕೊಂಡಳು. ಆ ಸೊಟ್ಟ ಪಾದವನ್ನು ಅಂಗೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಂಡಳು. ಅಲ್ಲಿಗೆ ಮುಗಿಯಿತು. ಬಟ್ಟೆಯ ಮೇಲೆ ಬರೀ ಬಿಳಿ ಬೆಳಕು. ಸುರುಳಿಯ ತುದಿ ಟಪಟಪ ಹೊಡೆದುಕೊಳ್ಳುತ್ತಿತ್ತು. ಯಾರೂ ಆರಿಸಲಿಲ್ಲ.

"ಯಾರ ಮಗು ಅದು?" ಎಂದ ಟೈಲರ್.

ಮಾವ ನಕ್ಕ. "ನೋಡಮ್ಮ ನಿನ್ನ ಗಂಡನ್ನ! ತನ್ನ ಕಾಲು ತನಗೇ ಗೊತ್ತಾಗ್ಲಿಲ್ವಂತೆ. ನೀನೇ ಕಣೋ. ಒಂದೂವರೆ ವರ್ಷದವನು. ಈ ಕಾಲಲ್ಲಿ ಇವನು ನಡಿಯೋದೇ ಇಲ್ಲ ಅಂದಿದ್ರು ಎಲ್ರೂ. ನಡೆಸಿ ತೋರಿಸ್ತೀನಿ, ಕ್ಯಾಮೆರಾ ತಾ ಅಂತ ನನ್ನನ್ನ ಕರೆಸಿದ್ಳು."

"ನಾನು ಹುಟ್ಟಿದ ದಿನ ಅವಳು..."

"ಏನು?"

"ಸತ್ಳಲ್ಲ."

ಮಾವನ ನಗು ಮುಖದಲ್ಲೇ ಒಣಗಿತು. "ಯಾರು ಹೇಳಿದ್ದು? ನಿನಗೆ ಎರಡು ತುಂಬಿದ ಮೇಲಲ್ವಾ ಅವಳಿಗೆ ಜ್ವರ ಬಂದಿದ್ದು! ಆಸ್ಪತ್ರೆಗೆ ತಡವಾಗಿ ಸೇರಿಸಿದ್ರು ಅಂತಾನೇ ನಾನು ನಿಮ್ಮಪ್ಪನ ಹತ್ರ ಜಗಳ ಆಡಿದ್ದು. ಯಾರು ಹೇಳಿದ್ರು ನಿನಗೆ?"

ಟೈಲರೂ ಹೆಂಡತಿಯೂ ಒಟ್ಟಿಗೇ ಬೆತ್ತದ ಕುರ್ಚಿಯ ಕಡೆ ತಿರುಗಿದರು.

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ಊಟ ಮಾಡ್ತಿರ್ಲಿಲ್ಲ ನೀನು" ಎಂದಳು ಕೊನೆಗೆ. "ಅವಳು ಹೋದ್ಮೇಲೆ ಬಾಗಿಲಲ್ಲಿ ಕೂತಿರ್ತಿದ್ದೆ. ಎಬ್ಬಿಸಿದ್ರೆ ಕಚ್ತಿದ್ದೆ. ಅಮ್ಮ ಬರ್ತಾಳೆ ಅಂತ ಹೇಳಿದ್ರೆ ಕಾಯ್ತೀಯ, ಸತ್ಳು ಅಂದ್ರೆ ನಿನಗೆ ಅರ್ಥ ಆಗಲ್ಲ. ನೀನೂ ಹೋಗಿಬಿಡ್ತೀಯ ಅಂತ ನನಗೆ ದಿಗಿಲು. ನಿನಗೆ ಅಮ್ಮಾನೇ ಇರ್ಲಿಲ್ಲ ಕಣೋ, ನೀನು ಹುಟ್ಟಿದ ದಿನಾನೇ ಹೋದ್ಳು, ನೀನು ನೋಡೇ ಇಲ್ಲ ಅಂದೆ. ದಿನಾ ಅಂದೆ. ಒಂದಿನ ಎದ್ದು ಬಂದು ತಟ್ಟೆ ಮುಂದೆ ಕೂತೆ."

"ಆಮೇಲೆ?"

"ಆಮೇಲೆ ಮರ್ತೆ ಅವಳನ್ನ. ನಿಮ್ಮಪ್ಪನಿಗೂ ಹೇಳ್ದೆ, ಬಾಯಿ ಬಿಡ್ಬೇಡ, ಮಗು ತಿನ್ತಾ ಇದೆ ಅಂತ."

"ದೊಡ್ಡವನಾದ್ಮೇಲೆ?"

"ಹೇಳೋಣ ಅನ್ಕೊಂಡೆ. ಯಾವ ಬಾಯಲ್ಲಿ ಹೇಳ್ಲಿ?"

"ಹುಟ್ಟಿದ ದಿನ ಅಂಗಡಿ ಮುಚ್ತಿದ್ದೆ. ನೀನು ನೋಡ್ತಿದ್ದೆ."

"ನೋಡ್ತಿದ್ದೆ" ಎಂದಳು ಅತ್ತೆ.

ಹೆಂಡತಿಗೆ ಅಷ್ಟು ಹೊತ್ತಿಗೆ ಸಿಟ್ಟು ನೆತ್ತಿಗೇರಿತ್ತು. "ಇನ್ನೊಂದು ಮಗು ಬೇಕು ಅಂತ ಇವರ ಕಾಲು ಹಿಡ್ಕೊಂಡೆ ಅತ್ತೆ ನಾನು. ನೀನೂ ಸತ್ತುಹೋದ್ರೆ ಅಂತ ಬೇಡ ಅಂದ್ರು. ಪಕ್ಕದ ರೂಮಲ್ಲೇ ಇದ್ರಲ್ಲ ನೀವು! ಒಂದು ಮಾತು ಅಂದಿದ್ರೆ ಏನಾಗ್ತಿತ್ತು?" ಎಂದವಳು ಬಾಯಿಗೆ ಕೈ ಒತ್ತಿಕೊಂಡು ಗೋಡೆ ಕಡೆ ತಿರುಗಿ ನಿಂತಳು.

ಟೈಲರ್ ಬಾಗಿಲು ತೆರೆದು ಬೀದಿಗೆ ಬಂದ. ಬಿಸಿಲು ಮುಖಕ್ಕೆ ರಾಚಿತು. ಚಪ್ಪಲಿ ಹಾಕಿಕೊಂಡಿರಲಿಲ್ಲ. ಎಲ್ಲಿಗೆ ಹೊರಟೆ ಎಂದು ಅವನಿಗೇ ಗೊತ್ತಿರಲಿಲ್ಲ. ಎದುರಿನಿಂದ ಹಾಲಿನ ಡೈರಿಯವನು ಸ್ಕೂಟರಿನಲ್ಲಿ ಬಂದು ಕಾಲು ಊರಿ ನಿಂತ.

"ಏನ್ ಟೈಲರೇ, ನನ್ನ ಶರ್ಟು ಆಯ್ತಾ? ನಾಳೆ ಅಂತ ಮಾತ್ರ ಹೇಳ್ಬೇಡಿ."

ಟೈಲರ್ ಅವನ ಮುಖವನ್ನೇ ನೋಡಿದ.

"ನಮ್ಮಮ್ಮ ನನಗೆ ನಡಿಯೋದು ಕಲಿಸಿದ್ಳು."

"ಆಂ?"

"ಕೈ ಹಿಡ್ಕೊಂಡು. ಆಮೇಲೆ ಬಿಟ್ಳು. ನಾನು ಈಗ ನೋಡ್ದೆ."

ಡೈರಿಯವನು ಕಕ್ಕಾಬಿಕ್ಕಿಯಾದ. ಮೂಗಪ್ಪನ ಬಾಯಿಂದ ಇಷ್ಟು ಮಾತು ಒಟ್ಟಿಗೆ ಬಂದದ್ದನ್ನು ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. "ಎಲ್ಲಾರ ಅಮ್ಮಂದಿರೂ ಕಲಿಸ್ತಾರಲ್ಲ ಟೈಲರೇ" ಎಂದ, ಏನು ಹೇಳಬೇಕೋ ತೋಚದೆ.

"ಹೌದಾ?" ಎಂದ ಟೈಲರ್. ನಿಜವಾಗಿಯೂ ಕೇಳಿದ್ದ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. "ಎಲ್ಲರಿಗೂನಾ?"

ಡೈರಿಯವನು ಶರ್ಟಿನ ಮಾತು ಬಿಟ್ಟು ಮೆಲ್ಲಗೆ ಸ್ಕೂಟರ್ ತಳ್ಳಿಕೊಂಡು ಹೋದ.

ಟೈಲರ್ ಒಳಗೆ ಬಂದಾಗ ಮಾವ ತಡಕಾಡಿ ದೀಪ ಆರಿಸಿದ್ದ. ಹೆಂಡತಿ ಅದೇ ಗೋಡೆಯ ಹತ್ತಿರವಿದ್ದಳು. ಟೈಲರ್ ಸುರುಳಿಯನ್ನು ಕೈಯಿಂದ ಹಿಂದಕ್ಕೆ ಸುತ್ತಿದ, ಮತ್ತೆ ಫಿಲ್ಮು ಹಾಕಿದ. ಅತ್ತೆ ಕುರ್ಚಿಯ ಕೈ ಹಿಡಿದು ಎದ್ದಳು. ಅವನ ಕಡೆ ನೋಡದೆ ಒಳಗಿನ ಕೋಣೆಗೆ ಹೊರಟಳು.

"ಕೂತ್ಕೋ" ಎಂದ ಟೈಲರ್.

ದನಿ ಮೆತ್ತಗಿರಲಿಲ್ಲ. ಅತ್ತೆ ನಿಂತಳು.

"ಕೂತ್ಕೋ ಅತ್ತೆ. ನೀನೂ ನೋಡು."

ಅವಳು ಕೂತಳು. ಅವನು ಬಾಗಿಲು ಮುಚ್ಚಿ ಸ್ವಿಚ್ಚು ಒತ್ತಿದ.