ಅಂಗೈಯ ಕೆಳಗಿನ ಅಂಗೈ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತ ನಮ್ಮ ಕಡೆ ನಗಾಡುತ್ತಾರೆ. ಉಡುತಡಿಯ ನೀಲಾಂಬಿಕಳ ಬಾಳು ಕಂಡ ಮೇಲೆ ನನಗೆ ಆ ಗಾದೆಗೆ ನಗು ಬಂದಿಲ್ಲ.

ಅವಳ ಗಂಡ ವೀರಬಸಪ್ಪ ನನ್ನ ಓರಗೆಯವನು. ಕೂರಿಗೆ ಹಿಡಿದರೆ ಸಾಲು ದಾರ ಎಳೆದಂತೆ ನೆಟ್ಟಗೆ ಬರುತ್ತಿತ್ತು. ಆ ಕೈಗೇ ಏಳು ವರ್ಷದ ಹಿಂದೆ ನಡುಕ ಹತ್ತಿತು. ಶಿವಮೊಗ್ಗದ ಡಾಕ್ಟರು ಪಾರ್ಕಿನ್ಸನ್ ಅಂತ ಹೇಳಿ, ಬೆಳಿಗ್ಗೆ ಆರಕ್ಕೇ ಮೊದಲ ಮಾತ್ರೆ ನುಂಗಿಸಬೇಕು ಅಂದರು. ಇವನೋ, ಲಿಂಗಪೂಜೆ ಆಗದೆ ಗುಟುಕು ನೀರೂ ಕುಡಿಯದ ಮನುಷ್ಯ. ಮಾತ್ರೆ ಪೂಜೆಯಾದ ಮೇಲೇ ಎಂದ. ಮಾತ್ರೆ ಇಲ್ಲದೆ ಲಿಂಗ ಹಿಡಿದ ಎಡಗೈ ನಿಲ್ಲದು, ಕೈ ನಿಲ್ಲದೆ ಪೂಜೆ ಸಾಗದು. ಅದಕ್ಕೆ ನೀಲಾಂಬಿಕ ಅವನ ಅಂಗೈ ಕೆಳಗೆ ತನ್ನ ಎಡ ಅಂಗೈ ಕೊಟ್ಟು ಕೂರತೊಡಗಿದಳು. ಹತ್ತು ನಿಮಿಷದ ಪೂಜೆ ಎರಡು ತಾಸಾಯಿತು. ಅಷ್ಟರಲ್ಲಿ ಅವನ ಕಾಲು ಮರಗಟ್ಟಿರುತ್ತಿತ್ತು. ಎತ್ತುವವಳೂ ಅವಳೇ, ತೊಳೆಯುವವಳೂ ಅವಳೇ.

ಪಕ್ಕದ ಮನೆಯ ಲೋಕಮ್ಮ ಕಟ್ಟೆ ಮೇಲಿಂದ ಕೆಣಕುತ್ತಿದ್ದಳು: "ಏನಕ್ಕಾ, ನಿಮ್ಮನೇರು ಪೂಜೆ ಮಾಡ್ತಾರೋ, ಮೊಸರು ಕಡೀತಾರೋ?"

"ಬೆಣ್ಣೆ ಬಂದ್ರೆ ನಿಂಗೂ ಕೊಡ್ತೀನಿ ತಗಾ" ಎಂದು ನೀಲಾಂಬಿಕ ನಗುತ್ತಿದ್ದಳು. ಆದರೆ ಒಂದು ದಿನ ನಗಲಿಲ್ಲ. "ಲೋಕಿ, ನಾಳೆ ಅವರು ಏಳಬಾರ್ದು ಅನ್ನಿಸ್ತದೆ. ಇಲ್ಲಾ ನಾನು ಏಳಬಾರ್ದು" ಅಂದಳು. ಲೋಕಮ್ಮ ಕಟ್ಟೆ ಇಳಿದು ಬಂದು ಅವಳ ಪಕ್ಕ ಕೂತಳು.

ಹೋದ ಶ್ರಾವಣ ಸೋಮವಾರ ಪೂಜೆಗೆ ಕೂತಲ್ಲೇ ಅವಳಿಗೆ ಜೊಂಪು ಹತ್ತಿತು. ಲಿಂಗ ಜಾರಿ ನೆಲಕ್ಕೆ ಬಿತ್ತು. ಲಿಂಗ ಬಿದ್ದರೆ ಪ್ರಾಣ ಬಿಡಬೇಕು ಎಂಬ ಮಾತು ಕೇಳಿ ಬೆಳೆದವನು ವೀರಬಸಪ್ಪ. "ನಿನ್ನ ಕೈಯಿಂದ್ಲೇ ಬಿತ್ತು" ಅಂದವನೇ ಹಲ್ಲು ಕಚ್ಚಿ ಮಲಗಿಬಿಟ್ಟ. ಅನ್ನವಿಲ್ಲ, ಮಾತ್ರೆಯಿಲ್ಲ. ಎರಡನೇ ದಿನಕ್ಕೆ ಮೈ ಕೊರಡಾಯಿತು. ನೀಲಾಂಬಿಕ ಬೇಡಿದಳು, ಬೈದಳು, ಕಡೆಗೆ ಕಪಾಳಕ್ಕೆ ಹೊಡೆದೇಬಿಟ್ಟಳು. ಹೊಡೆದ ಬಲಗೈಯನ್ನು ಬಚ್ಚಲ ಕಲ್ಲಿಗೆ ಜಜ್ಜಿಕೊಂಡಳು.

ಲೋಕಮ್ಮನನ್ನು ಗಂಡನ ಹತ್ತಿರ ಕೂರಿಸಿ, ಲಿಂಗವನ್ನು ಮಡಿಲಲ್ಲಿ ಕಟ್ಟಿಕೊಂಡು ಶಿಕಾರಿಪುರದ ಬಸ್ಸು ಹತ್ತಿದಳು. ಅಲ್ಲಿಯ ತಮ್ಮ ಗುರುಮಠದಲ್ಲಿ ಸ್ವಾಮಿಗಳ ಮುಂದೆ ಕುಸಿದಳು.

"ಬುದ್ಧಿ, ಲಿಂಗ ಬೀಳಿಸ್ದೆ, ಗಂಡನ್ನ ಹೊಡ್ದೆ. ನಂಗೆ ಏನು ಶಿಕ್ಷೆ ಬೇಕಾದ್ರೂ ಕೊಡ್ರಿ. ಅವರು ಮಾತ್ರೆ ನುಂಗೋ ಹಂಗೆ ಮಾಡ್ರಿ."

ಸ್ವಾಮಿಗಳು ಅವಳ ಬಾತ ಕೈ ನೋಡಿದರು. "ಶಿಕ್ಷೆ ಏನೂ ಉಳಿದಿಲ್ಲ ತಾಯಿ, ಎಲ್ಲಾ ಉಂಡಿದ್ದೀಯ. ಔಷಧಿಗೆ ನೇಮ ಅಡ್ಡ ಬರಲ್ಲ. ಮೊದಲು ಮಾತ್ರೆ, ಆಮೇಲೆ ಪೂಜೆ. ನಾನು ಹೇಳಿದೆ ಅನ್ನು" ಎಂದು ಲಿಂಗ ತೊಳೆದು, ಪೂಜಿಸಿ, ಅವಳ ಕೈಗಿಟ್ಟರು.

ಗುರುವಿನ ಮಾತಿಗೆ ವೀರಬಸಪ್ಪ ಬಾಯಿ ತೆರೆದ. ನಾಲ್ಕು ದಿನ ಆರಕ್ಕೇ ಮಾತ್ರೆ ಬಿದ್ದ ಮೇಲೆ, ಐದನೇ ಬೆಳಿಗ್ಗೆ ಅವನನ್ನು ನೋಡಲು ಹೋಗಿದ್ದೆ. ಲಿಂಗ ಹಿಡಿದ ಎಡಗೈ ನಡುಗದೆ ನಿಂತಿತ್ತು. ನೀಲಾಂಬಿಕ ಪಕ್ಕದಲ್ಲಿ ಕೂತು ಅಂಗೈ ಚಾಚಿದಳು.

"ಬ್ಯಾಡ, ಬಿಡು" ಅಂದ. ಕಾಲು ತಾಸಿನಲ್ಲಿ ಪೂಜೆ ಮುಗಿಸಿ, ಹೆಂಡತಿಯ ಕಡೆ ತಿರುಗಿದ. "ಇಷ್ಟು ಸಲೀಸಿತ್ತಲ್ಲ. ಏಳು ವರ್ಷ ಬುದ್ಧಿಯವರನ್ನ ಯಾಕೆ ಕೇಳಲಿಲ್ಲ ನೀನು?"

ಅವಳು ತನ್ನ ಅಂಗೈಯತ್ತ ನೋಡಿದಳು. ಎಡಗೈ ತೊಡೆಯ ಮೇಲೆ ಬೊಗಸೆಯಂತೆ ತೆರೆದೇ ಇತ್ತು. ಮಡಚಲು ನೋಡಿದಳು. ಬೆರಳು ಮಾತು ಕೇಳಲಿಲ್ಲ.